ತಾಲೂಕು ಐತಿ, ಕ್ಷೇತ್ರ ಇಲ್ಲ: ಕಮಲಾಪುರ ಮತ್ತು ರೇವು ನಾಯಕ ಬೆಳಮಗಿ

ಕಲಬುರಗಿ: ಕೆಂಬಾಳೆಗೆ ಹೆಸರಾದ ಕಮಲಾಪುರ 2018ರಿಂದ ತಾಲೂಕು. ಆದರೆ ಆ ಹೆಸರಿನ ವಿಧಾನಸಭಾ ಕ್ಷೇತ್ರ ಈಗಿಲ್ಲ. ಎಲ್ಲಿ ಹೋಯ್ತು?

ರೇವು ನಾಯಕ ಬೆಳಮಗಿ ಅವರ ರಾಜಕೀಯ ನೋಡಿದ್ರ ಗೊತ್ತಾಗ್ತದ. 1994, 1999, 2004ರಲ್ಲಿ ಬಿಜೆಪಿಯಿಂದ ಕಮಲಾಪುರ ಮೀಸಲು ಕ್ಷೇತ್ರ ಗೆದ್ದವರು ಅವರೇ. 2001ರ ಜನಗಣತಿ ಮೇಲೆ ಮರುವಿಂಗಡಣೆ ಆಯ್ತು. 2008ರ ಚುನಾವಣೆ ಹೊತ್ತಿಗೆ ಕಮಲಾಪುರ ಹೋಗಿ ಗುಲಬರ್ಗಾ ಗ್ರಾಮೀಣ ಬಂತು. ಅದೂ ಮೀಸಲು. ಬೆಳಮಗಿ ಅಲ್ಲೂ ಗೆದ್ದು ಪಶುಸಂಗೋಪನಾ ಸಚಿವರಾದರು.

ಆಮೇಲೆ ಗೆಲುವಿಲ್ಲ. 2013ರಲ್ಲಿ ಕಾಂಗ್ರೆಸ್‌ನ ಜಿ. ರಾಮಕೃಷ್ಣ ಗೆದ್ದರು. ಬೆಳಮಗಿ 2018ರಲ್ಲಿ ಜೆಡಿಎಸ್, 2023ರಲ್ಲಿ ಕಾಂಗ್ರೆಸ್‌ನಿಂದ ನಿಂತರು. ಎರಡೂ ಸಲ ಬಿಜೆಪಿಯ ಬಸವರಾಜ ಮತ್ತಿಮಡು ಗೆದ್ದರು. ಪಕ್ಷ ಬದಲಿಸಿದರೂ ಹಳೇ ಮತ ವಾಪಸ್ ಬರಲಿಲ್ಲ ಅನ್ನಿ.

ಮತ್ತೆ ಮರುವಿಂಗಡಣೆ ಆದಾಗ ಕರಡು ಪಟ್ಟಿಗೆ ಜನರ ಆಕ್ಷೇಪಣೆ ಕೇಳ್ತಾರ. ಕಮಲಾಪುರದ ಹೆಸರು ವಾಪಸ್ ಬೇಕಂದ್ರ ಅರ್ಜಿ ಕೊಡಬೇಕಾದ್ದು ಆಗಲೇ.