ನೆಲದಡಿಯ ನಾದ



ಕಳೆದ ಮಳೆಗಾಲದ ಒಂದು ಸಂಜೆ. ಕದ್ರಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಮಾಡಿನ ನೀರು ಅಂಗಳಕ್ಕೆ ಬೀಳುವುದನ್ನು ನೋಡುತ್ತಿದ್ದೆ. ಬೆಂಗಳೂರಿನಿಂದ ರಜೆಗೆ ಬಂದಿದ್ದ ಸೋದರಳಿಯ ತನ್ನ ಕಿವಿಯೊಳಗಿದ್ದ ಗುಂಡಿಯಂಥ ಯಂತ್ರವೊಂದನ್ನು ತೆಗೆದು ನನ್ನ ಕಿವಿಗಿಟ್ಟು, “ಮಾವ, ಇದನ್ನೊಮ್ಮೆ ಕೇಳಿ” ಎಂದ. ಕೇಳಿದೆ. ಹತ್ತಾರು ಕಮ್ಮಾರರು ಏಕಕಾಲದಲ್ಲಿ ಸುತ್ತಿಗೆ ಎತ್ತಿದಂತೆ ಒಂದು ಸದ್ದು. ಅದರ ನಡುವೆ ಗಂಟಲನ್ನು ಕೆರೆದು ಕೂಗುವ ಒಂದು ಕಂಠ. “ಏನಪ್ಪಾ ಇದು?” ಎಂದೆ. “ಅಂಡರ್‌ಗ್ರೌಂಡ್ ಸಂಗೀತ ಮಾವ. ಬೆಂಗಳೂರಿನದೇ ತಂಡ, ಕ್ರಿಪ್ಟಾಸ್ ಎಂದು” ಎಂದ. ಹೇಳುವಾಗ ಅವನ ಮುಖದಲ್ಲಿ ಒಂದು ಸಂಕೋಚವಿತ್ತು. ತನ್ನ ಕೋಣೆಯ ಬಾಗಿಲನ್ನು ಅರ್ಧ ತೆರೆದವನ ಸಂಕೋಚ ಅದು. ಈ ಭಾಷಣ ಹುಟ್ಟಿದ್ದು ಆ ಸಂಕೋಚದಿಂದ.

ಅಂಡರ್‌ಗ್ರೌಂಡ್ ಎಂಬುದನ್ನು ‘ಭೂಗತ’ ಎಂದು ಕನ್ನಡಿಸಿದರೆ ನಮ್ಮ ಪತ್ರಿಕೆಗಳ ಓದುಗರಿಗೆ ತಟ್ಟನೆ ನೆನಪಾಗುವುದು ಮುಂಬಯಿಯ ದಾದಾಗಳು. ಆದುದರಿಂದ ‘ನೆಲದಡಿಯ ಸಂಗೀತ’ ಎನ್ನೋಣ. ಇದಕ್ಕೆ ‘ಪರ್ಯಾಯ ಸಂಗೀತ’ ಎಂಬ ಸೌಮ್ಯವಾದ ಇನ್ನೊಂದು ಹೆಸರೂ ಉಂಟು. ಹೆಸರು ಕೇಳಿದವರು ಇದೊಂದು ಬಗೆಯ ಗದ್ದಲ ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಎಣಿಸಿದ್ದೆ. ಆದರೆ ಯೋಚಿಸುತ್ತ ಹೋದಂತೆ ನನಗೆ ತೋರಿದ್ದು ಇಷ್ಟು: ನೆಲದಡಿ ಎಂಬುದು ನಾದದ ಗುಣವಲ್ಲ, ನಾದ ನಡೆದುಬಂದ ದಾರಿಯ ಗುಣ. ಅಂಗಡಿಗೆ ಬೇಡವಾದದ್ದು, ಸರಕಾರಕ್ಕೆ ಸಲ್ಲದ್ದು, ವಿದ್ವತ್ಸಭೆ ಮೂಸಿ ನೋಡದ್ದು - ಇಂಥ ಸಂಗೀತ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿ ಬದುಕಿದರೆ ಅದು ನೆಲದಡಿಯ ಸಂಗೀತ. ಅದು ಗದ್ದಲವೂ ಆಗಿರಬಹುದು, ಗಿಟಾರು ಹಿಡಿದು ಮೆಲ್ಲನೆ ಹಾಡಿದ್ದೂ ಆಗಿರಬಹುದು.

ಎರಡನೆಯ ಮಹಾಯುದ್ಧ ಮುಗಿದ ಬಳಿಕದ ವರ್ಷಗಳಲ್ಲಿ ಸೋವಿಯತ್ ದೇಶದ ಲೆನಿನ್‌ಗ್ರಾಡಿನಲ್ಲಿ ಪಾಶ್ಚಾತ್ಯ ಜಾಝ್ ಸಂಗೀತಕ್ಕೂ ದೇಶ ಬಿಟ್ಟುಹೋದ ರಷ್ಯನ್ ಗಾಯಕರ ಹಾಡುಗಳಿಗೂ ನಿರ್ಬಂಧವಿತ್ತು. ಕೇಳುವ ಹಸಿವಿದ್ದವರು ಸುಮ್ಮನಿರಲಿಲ್ಲ. ಆಸ್ಪತ್ರೆಗಳು ಬಳಸಿ ಎಸೆದ ಎಕ್ಸ್‌ರೇ ಹಾಳೆಗಳನ್ನು ಕತ್ತರಿಯಿಂದ ವೃತ್ತಾಕಾರಕ್ಕೆ ಕತ್ತರಿಸಿ, ನಡುವೆ ಸಿಗರೇಟಿನ ಕೆಂಡದಿಂದ ತೂತು ಮಾಡಿ, ಅದರ ಮೇಲೆ ಹಾಡಿನ ಗೆರೆ ಕೊರೆದರು. ಬೆಳಕಿಗೆ ಹಿಡಿದರೆ ಯಾರದೋ ಪಕ್ಕೆಲುಬು, ಮುಳ್ಳಿನ ಕೆಳಗೆ ಇಟ್ಟರೆ ಹಾಡು! ಮುಂದೆ ಟೇಪು ಯಂತ್ರ ಬಂದ ಮೇಲೆ ವ್ಲಾದಿಮಿರ್ ವಿಸೋತ್ಸ್‌ಕಿಯ ಹಾಡುಗಳು ಅಧಿಕೃತ ತಟ್ಟೆಗಳಿಗಿಂತ ಹೆಚ್ಚಾಗಿ ಮನೆಮನೆಯ ಟೇಪುಗಳಲ್ಲಿ ಆ ವಿಶಾಲ ದೇಶವನ್ನು ಸುತ್ತಿದವು. 1980ರಲ್ಲಿ ಆತ ತೀರಿಕೊಂಡಾಗ ಮಾಸ್ಕೋದ ಬೀದಿಗಳು ಜನರಿಂದ ತುಂಬಿದ್ದವು.

ಪ್ರಾಗ್ ನಗರದಲ್ಲಿ 1968ರಲ್ಲಿ ಹುಟ್ಟಿದ ‘ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್’ ಎಂಬ ತಂಡದವರನ್ನು 1976ರಲ್ಲಿ ಸೆರೆಹಿಡಿದು ವಿಚಾರಣೆಗೆ ಒಳಪಡಿಸಿದರು. ಆ ಅನ್ಯಾಯವನ್ನು ಕಂಡು ಒಟ್ಟುಗೂಡಿದ ಲೇಖಕರು, ಚಿಂತಕರು ಮರುವರ್ಷ ಹೊರತಂದ ಹೇಳಿಕೆಯೇ ‘ಚಾರ್ಟರ್ 77’. ಅದರ ಮುಂದಾಳುಗಳಲ್ಲಿ ಒಬ್ಬರಾದ ನಾಟಕಕಾರ ವಾಸ್ಲಾವ್ ಹಾವೆಲ್ 1989ರಲ್ಲಿ ಆ ದೇಶದ ಅಧ್ಯಕ್ಷರಾದರು. ಕೆಲವೇ ಜನ ಕೇಳುತ್ತಿದ್ದ ಒಂದು ಸಂಗೀತ ಎಲ್ಲಿಗೆ ತಲುಪಿತು ನೋಡಿ. ಅಮೆರಿಕದ ಕಥೆ ಬೇರೆ. ಅಲ್ಲಿ ಅಡ್ಡವಾದದ್ದು ಸರಕಾರವಲ್ಲ, ಅಂಗಡಿಯ ಉದಾಸೀನ. ಮೆಟಾಲಿಕಾ ತಂಡ 1982ರಲ್ಲಿ ಮಾಡಿದ ಮಾದರಿ ಧ್ವನಿಮುದ್ರಿಕೆ, ಅವರ ಮೊದಲ ಆಲ್ಬಮ್ ಬರುವ ಮುನ್ನವೇ, ಪರಸ್ಪರ ಮುಖ ನೋಡದ ಹುಡುಗರ ನಡುವೆ ಅಂಚೆಯಲ್ಲಿ ಊರೂರು ತಿರುಗಿತು. ನನ್ನ ಅಳಿಯ ಕೇಳಿಸಿದ ಕ್ರಿಪ್ಟಾಸ್ 1998ರಲ್ಲಿ ಆರಂಭವಾದದ್ದು. ಆ ಕುಲಕ್ಕೆ ಸೇರಿದ ಕನ್ನಡನಾಡಿನ ಕುಡಿ.

ಇವೆಲ್ಲ ದೂರದ ಮಾತಾಯಿತು ಎನ್ನುವಿರಾ? ಹಾಗಿದ್ದರೆ ನಮ್ಮ ಮಂಗಳೂರಿಗೇ ಬರೋಣ.

ಗ್ರಾಮಫೋನಿನ ಕಾಲದಲ್ಲಿ ಒಂದು ತಟ್ಟೆಯ ಒಂದು ಮೈಯಲ್ಲಿ ಹಿಡಿಯುತ್ತಿದ್ದುದು ಸುಮಾರು 3 ನಿಮಿಷ. ಇಡೀ ರಾತ್ರಿ ನಡೆಯುವ ಯಕ್ಷಗಾನವನ್ನು ಅದರೊಳಗೆ ತುರುಕುವುದು ಕಡಲನ್ನು ಗಿಂಡಿಗೆ ತುಂಬಿದಂತೆ. ಕಂಪೆನಿಗಳಿಗೂ ತುಳು, ಕೊಂಕಣಿಯಂಥ ಭಾಷೆಗಳ ಸಣ್ಣ ಮಾರುಕಟ್ಟೆ ರುಚಿಸುತ್ತಿರಲಿಲ್ಲ. 1976ರಲ್ಲಿ ಮಂಗಳೂರಿಗೆ ಆಕಾಶವಾಣಿ ಬಂದಿತು, ನಮ್ಮ ಪುಣ್ಯ. ಆದರೆ ಬಾನುಲಿಗೂ ಗಡಿಯಾರದ ಅಂಕುಶ ಇದ್ದೇ ಇದೆ. ಈಗ ನನ್ನ ಮಾತಿಗೆ ಇರುವಂತೆಯೇ!

ಅದೇ ಹೊತ್ತಿಗೆ ಕೊಲ್ಲಿ ದೇಶಗಳಿಂದ ಮರಳಿದವರ ಪೆಟ್ಟಿಗೆಗಳಲ್ಲಿ ಟೇಪ್‌ರೆಕಾರ್ಡರುಗಳು ಊರಿಗೆ ಇಳಿಯತೊಡಗಿದವು. ಫಿಲಿಪ್ಸ್ ಕಂಪೆನಿ 1963ರಲ್ಲಿ ಲೋಕಕ್ಕೆ ತೋರಿಸಿದ ಈ ಕ್ಯಾಸೆಟ್ ಎಂಬ ಪುಟ್ಟ ಡಬ್ಬಿಯಲ್ಲಿ ಒಂದು ಕ್ರಾಂತಿಯೇ ಅಡಗಿತ್ತು. ಅದುವರೆಗೆ ಕೇಳುಗ ಕೇಳುವವನು ಮಾತ್ರ. ಇನ್ನು ಮೇಲೆ ಅವನೇ ಹಿಡಿಯುವವನು, ಅವನೇ ಹಂಚುವವನು. ನೆಹರೂ ಮೈದಾನದ ಡೇರೆಯಾಟಗಳಲ್ಲಿ, ದೇವಸ್ಥಾನದ ಅಂಗಳದ ತಾಳಮದ್ದಳೆಗಳಲ್ಲಿ ಎದುರು ಸಾಲಿನವರ ಮಡಿಲಲ್ಲಿ ಟೇಪ್‌ರೆಕಾರ್ಡರ್ ಮಗುವಿನಂತೆ ಕುಳಿತಿರುತ್ತಿತ್ತು. 90 ನಿಮಿಷದ ಕ್ಯಾಸೆಟ್ಟಿನ ಒಂದು ಮೈ 45 ನಿಮಿಷಕ್ಕೆ ಮುಗಿಯುತ್ತದೆ. ಒಂದು ರಾತ್ರಿಯ ಆಟಕ್ಕೆ ಆರಾದರೂ ಬೇಕು. ಮಗುಚಿ ಹಾಕುವ ಗಡಿಬಿಡಿಯಲ್ಲಿ ಒಂದು ಪದ್ಯದ ಕೊನೆಯೋ, ಒಂದು ಮಾತಿನ ಮೊನೆಯೋ ತಪ್ಪಿಹೋಗುವುದು ಖಂಡಿತ. ಆ ಕಾಲದ ಟೇಪುಗಳಲ್ಲಿ ವೀರರು ಅರ್ಧವಾಕ್ಯದಲ್ಲಿ ಮೌನವಾಗುತ್ತಾರೆ.

ಆಗ ನಾನು ಹಂಪನಕಟ್ಟೆಯ ಸಮೀಪದ ಬ್ಯಾಂಕೊಂದರಲ್ಲಿ ಗುಮಾಸ್ತ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ನಡೆಯುತ್ತಿದ್ದುದು ರುಚಿಗಳ ಯುದ್ಧ. ತೆಂಕುತಿಟ್ಟಿನ ಭಕ್ತರಿಗೆ ಬಲಿಪ ನಾರಾಯಣ ಭಾಗವತರ ಏರುಶ್ರುತಿಯೇ ಶ್ರುತಿ. ಬಡಗಿನ ತರುಣರಿಗೆ ಸಾಲಿಗ್ರಾಮ ಮೇಳದ ಕಾಳಿಂಗ ನಾವಡರೆಂದರೆ ಹುಚ್ಚು. ನಾವಡರ ಹೊಸ ರಾಗಗಳನ್ನು ಕೇಳಿ ಪರಂಪರೆಯ ಕೆಲವರು ಹುಬ್ಬು ಗಂಟಿಕ್ಕುತ್ತಿದ್ದರು. 1990ರಲ್ಲಿ, 32 ತುಂಬುವ ಮೊದಲೇ, ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಟೇಪುಗಳು ಮಾತ್ರ ಕೈಯಿಂದ ಕೈಗೆ ನಡೆಯುತ್ತಲೇ ಇದ್ದವು. ಕ್ರಿಶ್ಚಿಯನ್ ಸಹೋದ್ಯೋಗಿಗಳು ವಿಲ್ಫಿ ರೆಬಿಂಬಸ್ಸರ ಕೊಂಕಣಿ ಹಾಡುಗಳನ್ನು ತರುತ್ತಿದ್ದರು. 1986ರಲ್ಲಿ ಹುಟ್ಟಿದ ‘ಮಾಂಡ್ ಸೊಭಾಣ್’ ಸಂಸ್ಥೆ ಕೊಂಕಣಿಯ ಹಳೆಯ ಧಾಟಿಗಳನ್ನು ಹುಡುಕಿ ಹಾಡತೊಡಗಿದಾಗ ಮೊದಲು ಸುದ್ದಿ ಹೇಳಿದವರೂ ಅವರೇ. ಬುತ್ತಿಯ ಪಲ್ಯ ಹಂಚಿಕೊಳ್ಳುವಷ್ಟು ಸಲೀಸಾಗಿ ಕ್ಯಾಸೆಟ್ಟು ಹಂಚಿಕೊಳ್ಳುತ್ತಿದ್ದೆವು ಎನ್ನಲಾರೆ. ಪಲ್ಯ ರುಚಿಸದಿದ್ದರೆ ಬೇಸರವಿಲ್ಲ. ಹಾಡು ರುಚಿಸದಿದ್ದರೆ ಕೊಟ್ಟವನಿಗೆ ತಾನೇ ರುಚಿಸದವನಾದಂತೆ.

ನಮ್ಮ ಹೆಡ್‌ಗುಮಾಸ್ತರು ಮಿತಭಾಷಿ. ಅವರ ಮನೆಯಲ್ಲಿ ಒಂದು ತಗಡಿನ ಟ್ರಂಕು ತುಂಬ ಕ್ಯಾಸೆಟ್ಟುಗಳು. ಅವು ಅಂಗಡಿಯಲ್ಲಿ ದೊರೆಯುವಂಥವಲ್ಲ; ತಾವೇ ರಾತ್ರಿಯಿಡೀ ಕುಳಿತು ಹಿಡಿದವು. ಜತೆಗೆ ಒಂದು ಲೆಜ್ಜರು. ಯಾರಿಗೆ, ಯಾವ ತಾರೀಕು, ಯಾವ ಕ್ಯಾಸೆಟ್ಟು, ಮರಳಿದ ದಿನ - ಎಲ್ಲವೂ ಬ್ಯಾಂಕಿನ ಶಿಸ್ತಿನಲ್ಲಿ. ಬಡ್ಡಿ ಮಾತ್ರ ವಿಚಿತ್ರ. ಕ್ಯಾಸೆಟ್ಟು ಮರಳಿಸುವಾಗ ಏನು ಕೇಳಿದಿರಿ ಎಂದು ನಾಲ್ಕು ಮಾತು ಹೇಳಬೇಕು. “ಚೆನ್ನಾಗಿತ್ತು” ಎಂದರೆ ಸಾಲ ತೀರದು.

ಒಮ್ಮೆ ಅವರು ನನಗೊಂದು ತಾಳಮದ್ದಳೆಯ ಕ್ಯಾಸೆಟ್ಟು ಕೊಟ್ಟರು. ಹಾಡಿದವರು ಹಳ್ಳಿಯ ಒಬ್ಬ ಭಾಗವತರು. ಯಾವ ದೊಡ್ಡ ಮೇಳದಲ್ಲಿಯೂ ಇದ್ದವರಲ್ಲ. ಹೆಸರು ಹೇಳಿದರೂ ನಿಮಗೆ ತಿಳಿಯದು. ಆ ಹೊತ್ತಿಗೆ ಅವರು ತೀರಿಕೊಂಡು ಎರಡು ವರ್ಷವಾಗಿತ್ತು.

ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಎಸಳುಗಳಿರುತ್ತವೆ, ಒಂದೊಂದು ಮೈಗೆ ಒಂದೊಂದು. ಅದನ್ನು ಮುರಿದರೆ ಆ ಮೈಯಲ್ಲಿ ಮತ್ತೆ ಧ್ವನಿ ಹಿಡಿಯಲು ಯಂತ್ರ ಒಪ್ಪದು. ತೂತಿಗೆ ಕಾಗದ ತುರುಕಿದರೆ ಮತ್ತೆ ಒಪ್ಪುತ್ತದೆ. ನನ್ನ ತಂಗಿಯ ಮದುವೆಯ ಹಿಂದಿನ ದಿನ ಯಾರೋ ರೇಡಿಯೋದ ಚಿತ್ರಗೀತೆಗಳನ್ನು ಹಿಡಿದುಕೊಡು ಎಂದರು. ಖಾಲಿ ಕ್ಯಾಸೆಟ್ಟು ಇರಲಿಲ್ಲ. ಹೆಡ್‌ಗುಮಾಸ್ತರ ಕ್ಯಾಸೆಟ್ಟಿನ ಚೀಟಿಯಲ್ಲಿ ಒಂದು ಮೈಯ ವಿವರ ಮಾತ್ರವೇ ಬರೆದಿತ್ತು. ಇನ್ನೊಂದು ಮೈ ಖಾಲಿ ಎಂದು ನನಗೆ ನಾನೇ ಹೇಳಿಕೊಂಡೆ. ಎಸಳು ಮುರಿದದ್ದನ್ನು ಕಂಡೂ ಕಾಗದ ತುರುಕಿದೆ. ನಲವತ್ತೈದು ನಿಮಿಷ ಚಿತ್ರಗೀತೆ ಹರಿಯಿತು. ಆ ಭಾಗವತರ ಕಂಠದ ಅರ್ಧ ಅಲ್ಲಿಗೆ ಅಳಿಯಿತು. ನನಗದು ತಿಳಿದದ್ದು ಮದುವೆ ಮುಗಿದ ಮೇಲೆ, ಮೊದಲ ಮೈಯನ್ನು ಕೇಳಿ ಪದ್ಯ ನಡುವೆಯೇ ನಿಂತಾಗ.

ಹೇಳಲೇಬೇಕಲ್ಲ, ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಲೆಜ್ಜರು ತೆಗೆದು ಹಿಂದಿನ ಹಾಳೆಗಳನ್ನು ತಿರುವಿದರು. ಅದೇ ಕ್ಯಾಸೆಟ್ಟನ್ನು ನನಗಿಂತ ಮೊದಲು ಒಯ್ದವನು ಮುಂಬಯಿಯ ಹೊಟೇಲಿಗೆ ಕೆಲಸಕ್ಕೆ ಹೋದ ನೆರೆಮನೆಯ ಹುಡುಗ. ಕಾಗದ ಬರೆದರು. ಮೂರು ತಿಂಗಳ ಬಳಿಕ ಊರಿಗೆ ಬರುವವರೊಬ್ಬರ ಕೈಯಲ್ಲಿ ಒಂದು ಕ್ಯಾಸೆಟ್ಟು ಬಂತು. ಆ ಹುಡುಗ ಪ್ರತಿ ಮಾಡಿಕೊಂಡಿದ್ದ.

ಎಂಥ ಪ್ರತಿ! ಕ್ಯಾಸೆಟ್ಟಿನ ಪಟ್ಟಿಯ ಅಗಲ 4 ಮಿಲಿಮೀಟರಿಗಿಂತ ಕಡಿಮೆ. ಅದು ಸೆಕೆಂಡಿಗೆ 5 ಸೆಂಟಿಮೀಟರಿಗಿಂತಲೂ ನಿಧಾನವಾಗಿ ಓಡುತ್ತದೆ. ಇಷ್ಟು ಕಿರಿದಾದ, ನಿಧಾನವಾದ ದಾರಿಯಲ್ಲಿ ಸೂಕ್ಷ್ಮವಾದ ಮೇಲು ಸ್ವರಗಳು ನಿಲ್ಲುವುದು ಕಷ್ಟ. ಪ್ರತಿಯ ಪ್ರತಿ ಮಾಡಿದಷ್ಟೂ ‘ಹಿಸ್’ ಎಂಬ ಸದ್ದು ಬೆಳೆಯುತ್ತದೆ, ಮೊದಲು ಚಕ್ರತಾಳದ ಕಿಣಿಕಿಣಿ ಮಸುಳುತ್ತದೆ, ಆಮೇಲೆ ಚೆಂಡೆಯ ಅಂಚು. ಮನುಷ್ಯಕಂಠ ಮಾತ್ರ ಕೊನೆಯವರೆಗೆ ಹಟ ಹಿಡಿದು ಉಳಿಯುತ್ತದೆ. ಮೇಲಾಗಿ ಈ ಹುಡುಗನಿಗೆ ಎರಡು ಯಂತ್ರಗಳನ್ನು ಜೋಡಿಸುವ ತಂತಿಯೂ ಇರಲಿಲ್ಲ. ಹೊಟೇಲಿನ ಮೇಲಿನ ಕೋಣೆಯಲ್ಲಿ ಎರಡು ಯಂತ್ರಗಳನ್ನು ಮುಖಾಮುಖಿ ಇಟ್ಟು ಗಾಳಿಯಲ್ಲೇ ಹಿಡಿದಿದ್ದ. ಹೀಗಾಗಿ ಭಾಗವತರ ಕರುಣರಸದ ಪದ್ಯದ ಹಿಂದೆ ತಟ್ಟೆಗಳ ಸದ್ದು, ಪದ್ಯ ಮುಗಿಯುವ ಹೊತ್ತಿಗೆ ಕೆಳಗಿನಿಂದ ಒಂದು ಕೂಗು: “ಎರಡು ಚಾ!”

ಹೆಡ್‌ಗುಮಾಸ್ತರು ಅದನ್ನು ಕೊನೆಯವರೆಗೆ ಕಣ್ಣುಮುಚ್ಚಿ ಕೇಳಿದರು. ಬಳಿಕ ಅದರ ಎಸಳುಗಳನ್ನು ತಾವೇ ಮುರಿದು ನನ್ನ ಕೈಗಿಟ್ಟರು. “ಇದಕ್ಕೆ ಎರಡು ಪ್ರತಿ ಮಾಡಿ. ಒಂದು ನೀವು ಇಟ್ಟುಕೊಳ್ಳಿ. ಇನ್ನೊಂದನ್ನು ನಿಮಗಿಂತ ಜಾಗ್ರತೆ ಇರುವವನಿಗೆ ಕೊಡಿ” ಎಂದರು. ಅದೇ ಅವರು ನನಗೆ ವಿಧಿಸಿದ ಶಿಕ್ಷೆ.

ಟ್ರಂಕಿನೊಳಗೆ ಜೋಪಾನವಾಗಿದ್ದ ಮೂಲ ನನ್ನ ಕೈಯಲ್ಲಿ ಹಾಳಾಯಿತು. ಪರವೂರಿಗೆ ಹೋದ ಕಳಪೆ ಪ್ರತಿ ಉಳಿಯಿತು. ಸಂಸ್ಥೆಗಳ ಆಸರೆ ಇರುವ ಸಂಗೀತಕ್ಕೆ ಭಂಡಾರಗಳುಂಟು. ಆಸರೆ ಇಲ್ಲದ ಸಂಗೀತಕ್ಕೆ ಮೆಚ್ಚಿದವರ ಸಂಖ್ಯೆಯೇ ಭಂಡಾರ. ತನಗಿಷ್ಟವಾದುದನ್ನು ಇನ್ನೊಬ್ಬನಿಗೆ ಕೇಳಿಸುವುದು ಅಲ್ಲಿ ಬರಿಯ ಹವ್ಯಾಸವಲ್ಲ. ಆ ಸಂಗೀತದ ಉಸಿರು ಅದು. ಲೆನಿನ್‌ಗ್ರಾಡಿನ ಎಕ್ಸ್‌ರೇ ಹಾಳೆಗೂ ಮುಂಬಯಿಯ ಹೊಟೇಲಿನ ಕ್ಯಾಸೆಟ್ಟಿಗೂ ನಾನು ಕಾಣುವ ನಂಟು ಇದು. ಅಲ್ಲಿ ಸೆರೆಮನೆಯ ಭಯವಿತ್ತು, ಇಲ್ಲಿ ಇರಲಿಲ್ಲ. ಆ ವ್ಯತ್ಯಾಸವನ್ನು ಮರೆಯಬಾರದು. ಇನ್ನೊಬ್ಬರ ದುಡಿಮೆಯನ್ನು ಕದ್ದು ನಕಲು ಮಾಡಿ ಮಾರುವವರ ದಂಧೆಗೂ ಇದಕ್ಕೂ ಸಂಬಂಧವಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ಲೆಜ್ಜರಿನಲ್ಲಿ ರೂಪಾಯಿಯ ಕಾಲಮು ಇರಲಿಲ್ಲ.

ಈಗ ಕಾಲ ಬದಲಾಗಿದೆ. ನಾವು ಕೇಳಿದ್ದನ್ನು ನೋಡಿ ಮುಂದೇನು ಕೇಳಬೇಕೆಂಬುದನ್ನು ಯಂತ್ರವೇ ಸೂಚಿಸುತ್ತದೆ. ಅದರ ಸೂಚನೆ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಹಳಬನೆಂದು ನಾನದನ್ನು ಹಳಿಯಲಾರೆ. ಆದರೆ ಯಂತ್ರಕ್ಕೆ ನನ್ನ ಅಳಿಯನಿಗಿದ್ದ ಸಂಕೋಚವಿಲ್ಲ. ನನಗೆ ರುಚಿಸದಿದ್ದರೆ ಅದಕ್ಕೇನೂ ನಷ್ಟವಿಲ್ಲ. ಆದುದರಿಂದ ನಾಲ್ಕು ಮಾತು ಹೇಳುವ ಋಣವೂ ನನ್ನ ಮೇಲಿಲ್ಲ.

ಅಳಿಯ ಕೊಟ್ಟದ್ದನ್ನು ಹಳೆಯ ನಿಯಮದಂತೆ ಪೂರ್ತಿ ಕೇಳಿದೆ. ಮೂರನೆಯ ಸಲ ಕೇಳುವಾಗ ಗದ್ದಲದೊಳಗೆ ಲೆಕ್ಕ ಕಂಡಿತು. ಆ ಕೆರೆದ ಕಂಠ ಕೇಳಿ ನೆನಪಾದದ್ದು ನಮ್ಮ ಬಣ್ಣದ ವೇಷದ ಆರ್ಭಟ. ಅಲ್ಲಿಯೂ ನಾವು ಇಂಪನ್ನು ಹುಡುಕುವುದಿಲ್ಲವಷ್ಟೆ? ಹಾಗೆಂದು ಹೇಳಿದೆ. ಇಷ್ಟವಾಯಿತು ಎಂದು ಮಾತ್ರ ಹೇಳಲಿಲ್ಲ. ಅವನಿಗೆ ಅಷ್ಟು ಸಾಕಾಯಿತು. “ನಿಮ್ಮದೇನಾದರೂ ಕೊಡಿ ಮಾವ” ಎಂದ. ಆ ಹಳೆಯ ಕ್ಯಾಸೆಟ್ಟು ಕೊಟ್ಟೆ.

ಅವನು ಅದನ್ನು ಕಂಪ್ಯೂಟರಿಗೆ ಇಳಿಸಿದ. ಪದ್ಯಗಳು ಅವನಿಗೆ ಉದ್ದವೆನಿಸಿದವಂತೆ. ಚೆಂಡೆಯ ಭಾಗವನ್ನು ಮಾತ್ರ ಎರಡು ಸಲ ಕೇಳಿದನಂತೆ. ಆಮೇಲೆ ಕೇಳಿದ: “ಮಾವ, ಹಿಂದಿನ ಸದ್ದುಗಳನ್ನೆಲ್ಲ ತೆಗೆದು ಶುದ್ಧ ಮಾಡುವ ಉಪಾಯ ಈಗ ಉಂಟು. ಆ ‘ಎರಡು ಚಾ’ ಅಳಿಸಲೇ?”

“ಬೇಡ ಮಾರಾಯ” ಎಂದೆ. “ಅದು ಇದ್ದುದರಿಂದಲೇ ಇದು ಉಳಿದದ್ದು.”



(ಬಾನುಲಿ ಭಾಷಣ)