ಋತುಮಾನವೂ ಪಿಯಾನೋದ ಶ್ರುತಿಯೂ

ಕಲಬುರಗಿಯ ಜಗತ್ ವೃತ್ತದ ಸುತ್ತಲಿನ ಹಳೆಯ ಮನೆಗಳಲ್ಲಾಗಲಿ, ಬೀದರದ ಹಾದಿಯಲ್ಲಿರುವ ಕಮಲಾಪುರದಲ್ಲಾಗಲಿ, ಮರದ ಬಾಗಿಲುಳ್ಳವರಿಗೆ ಒಂದು ಅನುಭವ ಸಾಮಾನ್ಯ. ಏಪ್ರಿಲಿನಲ್ಲಿ ಒಂದು ಬೆರಳಿನಿಂದ ತಳ್ಳಿದರೆ ತೆರೆಯುವ ಬಾಗಿಲು ಆಗಸ್ಟಿನಲ್ಲಿ ಚೌಕಟ್ಟನ್ನು ಕಚ್ಚಿ ಹಿಡಿದು, ಭುಜ ಕೊಟ್ಟು ನೂಕಿದ ಹೊರತು ಜಗ್ಗುವುದಿಲ್ಲ. ಮಳೆಗಾಲದ ತೇವವನ್ನು ಹೀರಿ ಮರ ಉಬ್ಬುವುದೇ ಇದಕ್ಕೆ ಕಾರಣ. ಇದೇ ಸಂಗತಿ ಪಿಯಾನೋದೊಳಗೆ ನಡೆದರೆ ಏನಾದೀತು?

ಇಟಲಿಯ ಫ್ಲಾರೆನ್ಸಿನಲ್ಲಿ 1700ರ ಸುಮಾರಿಗೆ ಕ್ರಿಸ್ಟೋಫೋರಿ ಎಂಬಾತ ರೂಪಿಸಿದ ಈ ವಾದ್ಯ ಕನ್ನಡ ನಾಡಿಗೆ ಅಪರಿಚಿತವೇನಲ್ಲ. ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರು ಇದರಲ್ಲಿ ನುರಿತವರು. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದವರು. ಆದರೆ ಮೈಸೂರಿನ ಹವೆ ಸೌಮ್ಯವಾದುದು. ಕಲಬುರಗಿಯಲ್ಲಾದರೋ ಮೇ ತಿಂಗಳ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ಮೀರುತ್ತದೆ. ಮಧ್ಯಾಹ್ನದ ಸಾಪೇಕ್ಷ ಆರ್ದ್ರತೆ ಶೇಕಡ 30ಕ್ಕಿಂತ ಕೆಳಗಿಳಿಯುವುದುಂಟು. ಮಳೆಗಾಲದ ಮುಂಜಾನೆ ಅದೇ ಆರ್ದ್ರತೆ ಶೇಕಡ 80ನ್ನು ದಾಟುತ್ತದೆ. ಪಿಯಾನೋಕ್ಕೆ ಇದು ಕಠಿನ ಪರೀಕ್ಷೆ.

ವಾದ್ಯದ ರಚನೆಯನ್ನು ನೋಡೋಣ. ಅದರ 88 ಮನೆಗಳಿಗೆ ಇನ್ನೂರಕ್ಕೂ ಹೆಚ್ಚು ಉಕ್ಕಿನ ತಂತಿಗಳಿವೆ. ಅವೆಲ್ಲವುಗಳ ಒಟ್ಟು ಎಳೆತ 15ರಿಂದ 20 ಟನ್ನಿನಷ್ಟು. ಈ ಭಾರವನ್ನು ಹೊರುವುದು ಎರಕದ ಕಬ್ಬಿಣದ ಚೌಕಟ್ಟು. ಆದರೆ ನಾದ ಹೊಮ್ಮುವುದು ತಂತಿಗಳ ಕೆಳಗಿರುವ ತೆಳುವಾದ ಮರದ ಹಲಗೆಯಿಂದ, ಇದನ್ನು ನಾದಫಲಕವೆನ್ನೋಣ. ವೀಣೆಯಲ್ಲಿರುವಂತೆ ಇಲ್ಲಿಯೂ ಕುದುರೆಯುಂಟು. ತಂತಿಯ ಕಂಪನವನ್ನು ಫಲಕಕ್ಕೆ ಮುಟ್ಟಿಸುವುದೇ ಅದರ ಕೆಲಸ.

ನಾದಫಲಕವು ನಡುವೆ ಕೊಂಚ ಉಬ್ಬಿರುತ್ತದೆ. ತೇವ ಹೀರಿದಾಗ ಮರವು ಎಳೆಯ ಉದ್ದಕ್ಕೆ ಬಹುಮಟ್ಟಿಗೆ ಹಿಗ್ಗದೆ, ಅಡ್ಡಕ್ಕೆ ಹಿಗ್ಗುತ್ತದೆ. ಆಗ ಫಲಕದ ಉಬ್ಬು ಹೆಚ್ಚಿ, ಕುದುರೆ ಮೇಲೆದ್ದು, ತಂತಿಗಳು ಬಿಗಿದು ಶ್ರುತಿ ಏರುತ್ತದೆ. ಒಣಹವೆಯಲ್ಲಿ ಇದಕ್ಕೆ ವಿರುದ್ಧ. ತಂತಿಯ ಎಳೆತ ನೂರಕ್ಕೆ ಎರಡರಷ್ಟು ಕಡಿಮೆಯಾದರೆ ಕಂಪನಾಂಕ ನೂರಕ್ಕೆ ಒಂದರಷ್ಟು ಇಳಿಯುತ್ತದೆ. ಸೆಕೆಂಡಿಗೆ 440 ಬಾರಿ ಕಂಪಿಸಬೇಕಾದ ತಂತಿ ಸುಮಾರು 436 ಬಾರಿ ಮಾತ್ರ ಕಂಪಿಸುತ್ತದೆ. ತಬಲಾದ ನಡತೆ ಇದಕ್ಕೆ ತಿರುಗುಮುರುಗು ಎಂಬುದು ಸ್ವಾರಸ್ಯಕರ. ತೇವದಿಂದ ತೊಗಲು ಸಡಿಲವಾಗುವುದರಿಂದ ಮಳೆಗಾಲದಲ್ಲಿ ಅದರ ಶ್ರುತಿ ಇಳಿಯುತ್ತದೆ.

ತಂತಿಗಳೆಲ್ಲವೂ ಒಂದೇ ಪ್ರಮಾಣದಲ್ಲಿ ಏರಿಳಿದಿದ್ದರೆ ಒಬ್ಬನೇ ನುಡಿಸುವವನಿಗೆ ಅಷ್ಟಾಗಿ ತೊಂದರೆಯಿರುತ್ತಿರಲಿಲ್ಲ. ಆದರೆ ಮಂದ್ರದ ತಂತಿಗಳು ಒಂದು ಬಗೆಯಾಗಿಯೂ ನಡುವಿನವು ಇನ್ನೊಂದು ಬಗೆಯಾಗಿಯೂ ಜಾರುತ್ತವೆ. ಪಿಯಾನೋದ ಬಹುಪಾಲು ಸ್ವರಗಳಿಗೆ ಮೂರು ಮೂರು ತಂತಿಗಳು. ಅವುಗಳಲ್ಲಿ ಒಂದು 440 ಬಾರಿ, ಇನ್ನೊಂದು 438 ಬಾರಿ ಕಂಪಿಸಿದರೆ ನಾದವು ಸೆಕೆಂಡಿಗೆ ಎರಡು ಸಲ ಉಬ್ಬಿ ಇಳಿಯುತ್ತದೆ. ಶ್ರುತಿ ಮಾಡುವವನು ಕಿವಿಗೊಟ್ಟು ಎಣಿಸುವುದು ಈ ಏರಿಳಿತವನ್ನೇ.

ಬೇಸಗೆಯ ಬಿಸಿಯೇ ಅಪರಾಧಿಯೆಂದು ಹಲವರು ಭಾವಿಸುವರು. ಬಿಸಿಗೆ ತಂತಿ ಹಿಗ್ಗುವುದು ನಿಜ. ಆದರೆ ಕಬ್ಬಿಣದ ಚೌಕಟ್ಟೂ ನಿಧಾನವಾಗಿ ಹಿಗ್ಗಿ ಅದನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಋತುವಿನಿಂದ ಋತುವಿಗಾಗುವ ವ್ಯತ್ಯಾಸಕ್ಕೆ ಮುಖ್ಯ ಕಾರಣ ತೇವವೇ.

ಅಲಕ್ಷ್ಯ ಮಾಡಿದರೆ ಶ್ರುತಿಯಷ್ಟೇ ಕೆಡುವುದಿಲ್ಲ. ಅತಿಯಾಗಿ ಒಣಗಿದ ಫಲಕ ಸೀಳಬಹುದು. ಬಿರಡೆಗಳು ಕೂತಿರುವ ಮರ ಕುಗ್ಗಿ ಅವು ಸಡಿಲವಾದರೆ ಮತ್ತೆ ಶ್ರುತಿ ನಿಲ್ಲುವುದೇ ಕಷ್ಟ. ಮಳೆಗಾಲದಲ್ಲಿ ಉಕ್ಕಿನ ತಂತಿಗೆ ತುಕ್ಕಿನ ಭಯ. ಆದುದರಿಂದ ವಾದ್ಯವನ್ನು ಬಿಸಿಲು ಬೀಳದ ಒಳಗೋಡೆಯ ಬಳಿ ಇಡಬೇಕು. ನಮ್ಮ ಕಡೆಯ ಮನೆಗಳಲ್ಲಿ ಬೇಸಗೆಯಲ್ಲಿ ತಿರುಗುವ ಕೂಲರಿನ ಗಾಳಿ ಅದರ ಮೇಲೆ ನೇರವಾಗಿ ಬೀಸಬಾರದು. ಹಗಲು ಹಸಿ, ಇರುಳು ಒಣ ಎಂಬ ದಿನನಿತ್ಯದ ಏರಿಳಿತ ಮರಕ್ಕೆ ಹಿತವಲ್ಲ. ಕೋಣೆಯ ಆರ್ದ್ರತೆ ಶೇಕಡ 40ರಿಂದ 50ರ ಆಸುಪಾಸಿನಲ್ಲಿ ಸ್ಥಿರವಾಗಿದ್ದರೆ ಲೇಸು. ಇದನ್ನು ತಿಳಿಯಲು ಸಣ್ಣ ಆರ್ದ್ರತಾಮಾಪಕವೊಂದು ಸಾಕು. ಮೊದಲ ಮಳೆ ಬಿದ್ದೊಡನೆ ಶ್ರುತಿ ಮಾಡಿಸಿದರೆ ಹಣ ವ್ಯರ್ಥ. ಹವೆ ಬದಲಾಗಿ ಕೆಲವು ವಾರ ಕಳೆದು, ಮರ ಅದಕ್ಕೆ ಹೊಂದಿಕೊಂಡ ಮೇಲೆ ಮಾಡಿಸಬೇಕು. ಮಳೆಗಾಲದಲ್ಲೊಮ್ಮೆ, ಒಣಗಾಲದಲ್ಲೊಮ್ಮೆ, ಹೀಗೆ ವರ್ಷಕ್ಕೆ ಎರಡು ಸಲವಾದರೂ ಬೇಕು.

ಕಡಿದು, ಕೊಯ್ದು, ಬಣ್ಣ ಬಳಿದ ಮೇಲೂ ಮರವು ಗಾಳಿಯೊಡನೆ ತೇವದ ಕೊಡುಕೊಳ್ಳುವಿಕೆಯನ್ನು ಬಿಡುವುದಿಲ್ಲ. ಮುಂದಿನ ಮಳೆಗಾಲದಲ್ಲಿ ಬಾಗಿಲು ಬಿಗಿದಾಗ ನಾವು ಬೇಸರಪಡದೆ, ಎಷ್ಟು ಉಬ್ಬಿತೆಂದು ಅಳೆದು ನೋಡೋಣ. ಪಿಯಾನೋದ ಶ್ರುತಿ ತಪ್ಪಿಸುವ ಶಕ್ತಿಯೇ ಅಲ್ಲಿಯೂ ಕೆಲಸಮಾಡುತ್ತಿರುವುದು ನಮಗೆ ಕಂಡೀತು.