ಹೊಲ ಇಟ್ಟುಕೊಂಡೇ ಪಿಎಚ್‌ಡಿ: ಅರ್ಜಿ ಹಾಕೋ ಮುಂಚೆ ಇಷ್ಟು ನೋಡ್ರಿ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಎಂ.ಎ., ಎಂ.ಎಸ್ಸಿ. ಮುಗಿಸಿ ಹೊಲಕ್ಕೆ ಬಂದವರು ಬಹಳ ಮಂದಿ ಸಿಗ್ತಾರೆ. ‘ಪಿಎಚ್‌ಡಿ ಮಾಡೋ ಆಸೆ ಐತಿ, ಹೊಲ ಯಾರು ನೋಡ್ಬೇಕು?’ ಅಂತ ಕೇಳ್ತಾರೆ.

ಒಂದು ವಿಶ್ವವಿದ್ಯಾಲಯವಂತೂ ಇಲ್ಲೇ ಇದೆ: ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಶುರುವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ. ಜಾನಪದ ಅಂದ್ರೆ ಬರೀ ಹಾಡು-ಕುಣಿತ ಅಲ್ಲ. ಮಳೆ ನಕ್ಷತ್ರದ ಲೆಕ್ಕ, ಅಕ್ಕಡಿ ಸಾಲು, ಬೀಜ ಕಾಪಿಡೋ ಪದ್ಧತಿ, ಸೀಗಿ ಹುಣ್ಣಿಮೆಯ ಚರಗ ಎಲ್ಲವೂ ಸಂಶೋಧನೆಗೆ ವಿಷಯವೇ. ಕೃಷಿ, ತೋಟಗಾರಿಕೆ ಓದಿದವರಿಗೆ ಧಾರವಾಡ ಕೃಷಿ ವಿವಿ, ಬಾಗಲಕೋಟೆ ತೋಟಗಾರಿಕೆ ವಿವಿ ಇವೆ. ಅಲ್ಲಿ ನಿಯಮ ಬೇರೆ, ಐಸಿಎಆರ್ ಪ್ರವೇಶ ಪರೀಕ್ಷೆಯ ಕಡೆಯೂ ಕಣ್ಣಿಡ್ರಿ.

ಯುಜಿಸಿಯ 2022ರ ನಿಯಮದ ಪ್ರಕಾರ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ಎಸ್‌ಸಿ, ಎಸ್‌ಟಿ, ಒಬಿಸಿಯಂಥ ವರ್ಗಗಳಿಗೆ ಶೇ. 5 ಸಡಿಲಿಕೆ ಇದೆ. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ನೆಟ್‌ನಲ್ಲಿ ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್. ಆ ದುಡ್ಡಿನಲ್ಲಿ ಹೊಲಕ್ಕೆ ಆಳು ಇಡಬಹುದು. ಅದು ಸಿಗದಿದ್ದರೆ ಮೂರು ವರ್ಷ ಮನೆ ಹೆಂಗ ನಡೀತದ ಅನ್ನೋದನ್ನ ಅರ್ಜಿಗೆ ಮುಂಚೆನೇ ಮನೆಯವರ ಜೊತೆ ಕೂತು ಲೆಕ್ಕ ಹಾಕ್ರಿ.

ಬಹಳ ಮಂದಿ ಎಡವೋದು ಸಂಶೋಧನಾ ಪ್ರಸ್ತಾವನೆಯಲ್ಲಿ. ‘ಹಾವೇರಿ ಜಿಲ್ಲೆಯ ಕೃಷಿ ಜಾನಪದ: ಒಂದು ಅಧ್ಯಯನ’ ಅಂತ ಬರೆದ್ರೆ ಸಂದರ್ಶನದಲ್ಲಿ ಮೊದಲನೇ ಪ್ರಶ್ನೆಗೇ ಸುಸ್ತು. ಅದರ ಬದಲು ಹಿಂಗ ಯೋಚಿಸ್ರಿ: ಹಿರೇಕೆರೂರಿನ ನಾಲ್ಕು ಊರುಗಳಲ್ಲಿ ಗೋವಿನಜೋಳ ಬಂದ ಮೇಲೆ ಅಕ್ಕಡಿ ಬೆಳೆ ಯಾವುದು ಉಳೀತು, ಯಾವುದು ಹೋಯ್ತು, ಬೀಜ ಯಾರ ಮನೆಯಲ್ಲಿತ್ತು? ಅಥವಾ ಸವಣೂರಿನ ವೀಳ್ಯದೆಲೆ ತೋಟದವರು ಬಳಸೋ ಪದಗಳು ಎಷ್ಟು, ಹೊಸ ತಲೆಮಾರಿಗೆ ಅದರಲ್ಲಿ ಎಷ್ಟು ಗೊತ್ತು? ಊರು ಕಡಿಮೆ, ಪ್ರಶ್ನೆ ಒಂದೇ, ಉತ್ತರ ಹುಡುಕೋ ದಾರಿ ಸ್ಪಷ್ಟ. ಇಲ್ಲಿ ನಮಗೊಂದು ಅನುಕೂಲ ಇದೆ: ಪಟ್ಟಣದ ಸಂಶೋಧಕನಿಗೆ ಹೇಳದ ಮಾತನ್ನ ಅಜ್ಜ-ಅಜ್ಜಿ ನಮಗೆ ಹೇಳ್ತಾರೆ. ಇವತ್ತೇ ಫೋನಿನಲ್ಲಿ ರೆಕಾರ್ಡ್ ಶುರು ಮಾಡ್ರಿ, ಅವರ ಒಪ್ಪಿಗೆ ಕೇಳಿ.

ಮಾರ್ಗದರ್ಶಕರನ್ನು ಆರಿಸೋ ಮುಂಚೆ ಅವರು ಬರೆದ ಒಂದೆರಡು ಲೇಖನ ಓದ್ರಿ. ಅವರ ಕ್ಷೇತ್ರ ನಿಮ್ಮ ಪ್ರಶ್ನೆಗೆ ಹೊಂದದಿದ್ದರೆ ಎಷ್ಟೇ ದೊಡ್ಡ ಹೆಸರಿದ್ದರೂ ಉಪಯೋಗ ಇಲ್ಲ. ಹತ್ತು ಸಾಲಿನ ಇಮೇಲ್ ಸಾಕು. ವಾಟ್ಸಾಪ್‌ನಲ್ಲಿ ‘ಗುಡ್ ಮಾರ್ನಿಂಗ್ ಸರ್’ ಚಿತ್ರ ಮಾತ್ರ ಬ್ಯಾಡ!

ಕೃಷಿ ವಿವಿಗಳ ಯೋಜನೆಗಳಲ್ಲಿ ಸಂಶೋಧನಾ ಸಹಾಯಕರ ಹುದ್ದೆಗೂ ನೇರ ಸಂದರ್ಶನ ಕರೀತಾರೆ. ಅವು ಗುತ್ತಿಗೆ ಕೆಲಸ, ಯೋಜನೆ ಮುಗಿದರೆ ಕೆಲಸವೂ ಮುಗೀತು. ಆದರೂ ಪಿಎಚ್‌ಡಿ ನಮಗೆ ಒಗ್ಗುತ್ತೋ ಇಲ್ಲವೋ ಅಂತ ನೋಡೋಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಕೊನೇದಾಗಿ ಅರೆಕಾಲಿಕ ಪಿಎಚ್‌ಡಿ. ಯುಜಿಸಿ ನಿಯಮದಲ್ಲಿ ಅದಕ್ಕೆ ಅವಕಾಶ ಇದೆ, ಆದರೆ ಕೆಲಸ ಮಾಡೋ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಬೇಕು. ಸ್ವಂತ ಹೊಲ ಮಾಡೋನಿಗೆ ಆ ಪತ್ರ ಯಾರು ಕೊಡ್ತಾರೆ? ಈ ಪ್ರಶ್ನೆಯನ್ನ ವಿಶ್ವವಿದ್ಯಾಲಯಕ್ಕೆ ಬರವಣಿಗೆಯಲ್ಲೇ ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ತಗೊಂಡು, ಆಮೇಲೆ ಶುಲ್ಕ ಕಟ್ರಿ.